‘ಎರಡೂ ಒಂದೇ’ ಎನ್ನುವ ಮೊದಲು

ಜಗತ್ತಿನಲ್ಲಿ ಸರ್ವಾಂಶದಲ್ಲಿಯೂ ಒಂದೇ ಆಗಿರುವ ಎರಡು ವಸ್ತುಗಳು ದೊರೆಯುವುದು ದುರ್ಲಭ. ಸರ್ವಾಂಶದಲ್ಲಿಯೂ ಬೇರೆಯಾಗಿರುವ ಎರಡು ವಸ್ತುಗಳು ದೊರೆಯುವುದೂ ಅಷ್ಟೇ ದುರ್ಲಭ. ನಮ್ಮ ನಿತ್ಯದ ವ್ಯವಹಾರವೆಲ್ಲ ಇವೆರಡರ ನಡುವಣ ಪ್ರದೇಶದಲ್ಲಿ ನಡೆಯತಕ್ಕದ್ದು. ಎರಡು ಅಂಗಡಿಗಳ ಅಕ್ಕಿ, ಅಣ್ಣತಮ್ಮಂದಿರ ಮುಖ, ಇಬ್ಬರು ಅಭ್ಯರ್ಥಿಗಳ ಭರವಸೆ, ಕಾನೂನಿನ ಎರಡು ಪದಗಳು — ಇವೆಲ್ಲ ‘ಹೆಚ್ಚು ಕಡಿಮೆ ಒಂದೇ’ ಎಂಬ ಗುಂಪಿಗೆ ಸೇರಿದವು. ಆದಕಾರಣ ಪ್ರತಿಯೊಂದು ಭಾಷೆಯೂ ಇಂಥ ಜೋಡಿಗಳನ್ನು ಬಣ್ಣಿಸುವುದಕ್ಕೆ ಕೆಲವು ನುಡಿಗಟ್ಟುಗಳನ್ನು ಕೂಡಿಸಿಟ್ಟುಕೊಂಡಿರುತ್ತದೆ. ಇಂಗ್ಲಿಷಿನಲ್ಲಂತೂ ಇವು ಹೇರಳವಾಗಿವೆ.

ಇಂಗ್ಲಿಷನ್ನು ಐಚ್ಛಿಕ ವಿಷಯವಾಗಿ ಓದುತ್ತಿರುವ ನಮ್ಮಂಥ ವಿದ್ಯಾರ್ಥಿಗಳಿಗೆ ಈ ನುಡಿಗಟ್ಟುಗಳ ಪರಿಚಯವಾಗುವುದು ಸಾಮಾನ್ಯವಾಗಿ ಪೇಟೆಯ ಮಾರ್ಗದರ್ಶಿಗಳಿಂದ. ನನ್ನ ಕೈಗೆ ಬಂದ ಅಂಥದೊಂದು ಪುಸ್ತಕದ ಒಂದೇ ಪುಟದಲ್ಲಿ ಎಂಟು ನುಡಿಗಟ್ಟುಗಳನ್ನು ಸಾಲಾಗಿ ನಿಲ್ಲಿಸಿ, ಎದುರಿಗೆ ‘ಎರಡೂ ಒಂದೇ’ ಎಂದು ಎಂಟು ಸಲ ಅಚ್ಚು ಹಾಕಿದ್ದಾರೆ. ಪರೀಕ್ಷೆಯ ದೃಷ್ಟಿಯಿಂದ ಇದು ಸುಲಭವೇ ಸರಿ. ಆದರೆ ‘ಒಂದೇ’ ಎಂದು ಹೇಳುವ ಮಾತುಗಳೆಲ್ಲ ತಮ್ಮ ತಮ್ಮಲ್ಲಿ ಒಂದೇ ಅಲ್ಲ. ಒಂದು ಮೆಚ್ಚುಗೆಯ ಮಾತು, ಒಂದು ತಿರಸ್ಕಾರದ ಮಾತು. ಒಂದು ಕಣ್ಣು ಕಂಡದ್ದನ್ನು ಹೇಳುತ್ತದೆ, ಇನ್ನೊಂದು ನ್ಯಾಯಾಧೀಶನಂತೆ ತೀರ್ಪು ಕೊಡುತ್ತದೆ, ಮತ್ತೊಂದು ಎದುರಾಳಿಯ ಬಾಯಿ ಮುಚ್ಚಿಸುತ್ತದೆ. ಈ ಭೇದವನ್ನು ತಿಳಿಯದೆ ಇವುಗಳನ್ನು ಬಳಸುವುದು ಭಾಷೆಯ ದೋಷವಷ್ಟೇ ಅಲ್ಲ, ವಿವೇಚನೆಯ ದೋಷವೂ ಹೌದು ಎಂಬುದು ನನ್ನ ಅಭಿಪ್ರಾಯ. ಅದನ್ನು ಇಲ್ಲಿ ನನ್ನ ಶಕ್ತ್ಯನುಸಾರ ನಿರೂಪಿಸಲು ಯತ್ನಿಸುತ್ತೇನೆ.

ಮೊದಲು ಕಣ್ಣಿನ ಮಾತುಗಳನ್ನು ನೋಡೋಣ. ‘ಆ್ಯಸ್ ಲೈಕ್ ಆ್ಯಸ್ ಟೂ ಪೀಸ್’, ಎಂದರೆ ಎರಡು ಬಟಾಣಿ ಕಾಳುಗಳಷ್ಟು ಸಮಾನ, ಎಂಬುದು ಇವುಗಳಲ್ಲಿ ಪ್ರಸಿದ್ಧವಾದದ್ದು. 16ನೆಯ ಶತಮಾನದ ಬರಹಗಳಿಂದಲೇ ಈ ಹೋಲಿಕೆ ಬಳಕೆಯಲ್ಲಿದೆ. ಇದರಲ್ಲಿ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಅವಳಿ ಮಕ್ಕಳನ್ನು ನೋಡಿ ಬೆರಗಾದವರು ಆಡುವ ನಿರ್ಮಲವಾದ ಮಾತು. ‘ಸ್ಪಿಟಿಂಗ್ ಇಮೇಜ್’ ಎಂಬುದು ಇನ್ನೊಂದು. ಇದರ ಹಳೆಯ ರೂಪ ‘ಸ್ಪಿಟ್ ಅಂಡ್ ಇಮೇಜ್’ ಎಂದು. ಮಗ ತಂದೆಯ ಬಾಯಿಂದ ಉಗುಳಿದಂತಿದ್ದಾನೆ ಎಂಬ ಒರಟು ಭಾವ ಅದರ ಒಳಗಿದೆ. ನಾವು ‘ಅಪ್ಪನ ಪಡಿಯಚ್ಚು’ ಎನ್ನುತ್ತೇವೆ. ಅವರದು ಬಾಯಿಯ ಹೋಲಿಕೆ, ನಮ್ಮದು ಅಚ್ಚಿನ ಹೋಲಿಕೆ. ಹೇಳುವ ಸಂಗತಿ ಮಾತ್ರ ಒಂದೇ.

‘ಎ ಚಿಪ್ ಆಫ್ ದಿ ಓಲ್ಡ್ ಬ್ಲಾಕ್’, ಎಂದರೆ ಹಳೆಯ ದಿಮ್ಮಿಯ ಚಕ್ಕೆ, ಎಂಬ ಮಾತು ಮುಖವನ್ನು ಬಿಟ್ಟು ಗುಣಕ್ಕೆ ಹೋಗುತ್ತದೆ. ಬ್ರಿಟನ್ನಿನ ಪ್ರಸಿದ್ಧ ಮುತ್ಸದ್ದಿ ಹಿರಿಯ ಪಿಟ್ 1778ರಲ್ಲಿ ತೀರಿಕೊಂಡನು. ಅವನ ಮಗ ಕಿರಿಯ ಪಿಟ್ 1781ರಲ್ಲಿ, ತನ್ನ ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಪಾರ್ಲಿಮೆಂಟಿನಲ್ಲಿ ಮೊದಲ ಭಾಷಣ ಮಾಡಿದನು. ಅದನ್ನು ಕೇಳಿದ ಎಡ್ಮಂಡ್ ಬರ್ಕ್, ಈತ ಹಳೆಯ ದಿಮ್ಮಿಯ ಚಕ್ಕೆಯಲ್ಲ, ಹಳೆಯ ದಿಮ್ಮಿಯೇ ಎಂಬರ್ಥದ ಮಾತು ಹೇಳಿದನೆಂದು ಪ್ರಸಿದ್ಧಿಯಿದೆ. ನುಡಿಗಟ್ಟನ್ನು ಅರಿತವನು ಮಾತ್ರ ಅದನ್ನು ಹೀಗೆ ಮುರಿದು ಹೊಸ ಹೊಗಳಿಕೆಯನ್ನು ಕಟ್ಟಬಲ್ಲ. ‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಎಂಬ ನಮ್ಮ ಗಾದೆಯೂ ಇದೇ ಜಾತಿಯದು. ಆದರೆ ಅದನ್ನು ನಮ್ಮ ಜನ ಹೊಗಳುವುದಕ್ಕೆ ಎಷ್ಟು ಬಳಸುತ್ತಾರೋ ಹಂಗಿಸುವುದಕ್ಕೂ ಅಷ್ಟೇ ಬಳಸುತ್ತಾರೆ. ದನಿಯ ಮೇಲೆ ಅರ್ಥ ನಿಂತಿರುತ್ತದೆ.

‘ಡೆಡ್ ರಿಂಗರ್’ ಎಂಬುದು ಅಮೆರಿಕದ ಕುದುರೆ ಜೂಜಿನ ಕಟ್ಟೆಯಿಂದ 19ನೆಯ ಶತಮಾನದ ಕೊನೆಯ ಭಾಗದಲ್ಲಿ ಬಂದದ್ದು. ಒಂದು ಕುದುರೆಯ ಹೆಸರಿನಲ್ಲಿ ಅದನ್ನೇ ಹೋಲುವ ಮತ್ತೊಂದು ವೇಗದ ಕುದುರೆಯನ್ನು ಕಳ್ಳತನದಿಂದ ಓಡಿಸುತ್ತಿದ್ದರಂತೆ. ಆ ಬದಲಿ ಕುದುರೆಯೇ ‘ರಿಂಗರ್’. ‘ಡೆಡ್’ ಎಂಬುದಕ್ಕೆ ಇಲ್ಲಿ ‘ಪಕ್ಕಾ’ ಎಂದರ್ಥ, ಸಾವಿಗೂ ಅದಕ್ಕೂ ಸಂಬಂಧವಿಲ್ಲ. ಜೀವಂತವಾಗಿ ಹೂಳಲ್ಪಟ್ಟವರು ಗೋರಿಯೊಳಗಿಂದ ಗಂಟೆ ಬಾರಿಸುತ್ತಿದ್ದರೆಂಬ ಕಥೆಯೊಂದು ಫೋನಿನಿಂದ ಫೋನಿಗೆ ಓಡಾಡುತ್ತಿದೆ. ಕಥೆ ರೋಚಕ, ಆದರೆ ನಿಘಂಟುಕಾರರು ಅದನ್ನು ಒಪ್ಪುವುದಿಲ್ಲ. ಇರಲಿ. ಈ ನುಡಿಗಟ್ಟಿನ ಹುಟ್ಟಿನಲ್ಲಿಯೇ ಮೋಸದ ವಾಸನೆಯಿದೆ ಎಂಬುದನ್ನು ಗಮನಿಸಬೇಕು. ಸಾಮ್ಯವೆಂಬುದು ಬೆರಗನ್ನು ಹುಟ್ಟಿಸುವಂತೆ ವಂಚನೆಗೂ ದಾರಿಯಾಗುತ್ತದೆ.

ಕಣ್ಣಿನ ಸಾಕ್ಷ್ಯವನ್ನು ಎಷ್ಟರ ಮಟ್ಟಿಗೆ ನಂಬಬಹುದು? ಇದಕ್ಕೆ ಉತ್ತರವನ್ನು ಬಟಾಣಿ ಕಾಳೇ ಹೇಳಿದೆ! ಇಂದು ಚೆಕ್ ದೇಶದಲ್ಲಿರುವ ಬರ್ನೋ ನಗರದ ಮಠವೊಂದರ ತೋಟದಲ್ಲಿ ಗ್ರೆಗರ್ ಮೆಂಡೆಲ್ ಎಂಬ ಸಂನ್ಯಾಸಿ 1856ರಿಂದ 1863ರವರೆಗೆ ಬಟಾಣಿ ಗಿಡಗಳ ಮೇಲೆ ಪ್ರಯೋಗ ನಡೆಸಿದನು. ಗುಂಡು ಕಾಳಿನ ತಳಿಗೂ ಸುಕ್ಕು ಕಾಳಿನ ತಳಿಗೂ ಸಂಕರ ಮಾಡಿದಾಗ ಮೊದಲ ತಲೆಮಾರಿನ ಕಾಳುಗಳೆಲ್ಲ ಗುಂಡಗೇ ಇದ್ದವು. ಅವನ್ನು ಬಿತ್ತಿ ಪಡೆದ 7,324 ಕಾಳುಗಳಲ್ಲಿ 5,474 ಗುಂಡಾದವು, 1,850 ಸುಕ್ಕಾದವು. ಅಷ್ಟಕ್ಕೇ ಅವನು ನಿಲ್ಲಲಿಲ್ಲ. ಗುಂಡು ಕಾಳುಗಳಿಂದಲೇ 565 ಗಿಡಗಳನ್ನು ಬೆಳೆಸಿದನು. ಅವುಗಳಲ್ಲಿ 193 ಗಿಡಗಳು ಮಾತ್ರ ಗುಂಡು ಕಾಳನ್ನಷ್ಟೇ ಕೊಟ್ಟವು. ಉಳಿದ 372 ಗಿಡಗಳು ಗುಂಡನ್ನೂ ಸುಕ್ಕನ್ನೂ ಬೆರೆಸಿ ಕೊಟ್ಟವು. ಎಂದರೆ ನೋಟಕ್ಕೆ ಎಳ್ಳಷ್ಟೂ ಭೇದವಿಲ್ಲದ ಗುಂಡು ಕಾಳುಗಳಲ್ಲಿ ಹೆಚ್ಚು ಕಡಿಮೆ ಮೂರಕ್ಕೆರಡು ಸುಕ್ಕಿನ ಬೀಜವನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದವು. ಈ ಸಂಶೋಧನೆ 1866ರಲ್ಲಿ ಅಚ್ಚಾದರೂ ಲೋಕ ಅದರ ಬೆಲೆಯನ್ನು ಅರಿತದ್ದು 1900ರಲ್ಲಿ. ಎರಡು ಬಟಾಣಿಗಳಷ್ಟು ಸಮಾನವೆಂದು ಇಂಗ್ಲಿಷರು ಹೇಳುತ್ತ ಬಂದರು. ಎರಡು ಬಟಾಣಿಗಳು ಸಮಾನವಲ್ಲವೆಂಬ ಶಂಕೆಯಿಂದಲೇ ಅನುವಂಶೀಯತೆಯ ಶಾಸ್ತ್ರ ಹುಟ್ಟಿತು. ಕಣ್ಣು ‘ಒಂದೇ’ ಎಂದಲ್ಲಿ ನಿಂತುಬಿಟ್ಟಿದ್ದರೆ ಆ ಶಾಸ್ತ್ರವಿಲ್ಲ.

ಎರಡನೆಯ ಗುಂಪಿನವು ತೀರ್ಪಿನ ಮಾತುಗಳು. ಇವು ಸಾಮ್ಯವನ್ನು ಕಾಣುವುದಿಲ್ಲ, ಘೋಷಿಸುತ್ತವೆ. ‘ಮಚ್ ಆಫ್ ಎ ಮಚ್‌ನೆಸ್’ ಎಂದರೆ ಎಲ್ಲ ಒಂದೇ ಮಟ್ಟದ್ದು, ಆರಿಸಿಕೊಳ್ಳುವ ಶ್ರಮಕ್ಕೆ ಯೋಗ್ಯವಲ್ಲದ್ದು. ಅದರಲ್ಲಿ ಆಕಳಿಕೆಯ ಸದ್ದು ಕೇಳುತ್ತದೆ. ‘ಟಾರ್ಡ್ ವಿತ್ ದಿ ಸೇಮ್ ಬ್ರಷ್’ ಎಂದರೆ ಒಂದೇ ಕುಂಚದಿಂದ ಡಾಂಬರು ಬಳಿದವರು. ಕುರುಬರು ಕುರಿಗಳಿಗೆ ಡಾಂಬರು ಹಚ್ಚುತ್ತಿದ್ದುದರಿಂದ ಬಂದದ್ದು ಎನ್ನುತ್ತಾರೆ. ಇದು ದೋಷದಲ್ಲಿ ಮಾತ್ರ ಸಮಾನರನ್ನು ಹೇಳುತ್ತದೆ. ಇಬ್ಬರು ಸಜ್ಜನರನ್ನು ಕುರಿತು ಇದನ್ನು ಬಳಸಿದರೆ ನಗೆಪಾಟಲಾದೀತು. ಮಾರ್ಗದರ್ಶಿಯ ‘ಎರಡೂ ಒಂದೇ’ ಎಂಬ ಅರ್ಥವನ್ನು ನಂಬಿದ ವಿದ್ಯಾರ್ಥಿ ಗಾಂಧೀಜಿ ಮತ್ತು ವಿನೋಬಾ ಒಂದೇ ಡಾಂಬರು ಕುಂಚದವರು ಎಂದು ಬರೆದರೆ ಪರೀಕ್ಷಕರ ಗತಿಯೇನು?

‘ಸಿಕ್ಸ್ ಆಫ್ ಒನ್ ಅಂಡ್ ಹಾಫ್ ಎ ಡಜನ್ ಆಫ್ ದಿ ಅದರ್’, ಇದರದು ಆರು, ಅದರದು ಅರ್ಧ ಡಜನ್, ಎಂಬ ಮಾತು ಜಗಳ ಬಿಡಿಸುವವರಿಗೆ ಬಹಳ ಪ್ರಿಯ. ಲೆಕ್ಕದ ದೃಷ್ಟಿಯಿಂದ ಇದರಲ್ಲಿ ತಪ್ಪು ಹಿಡಿಯಲಾಗದು. ಆರೂ ಅರ್ಧ ಡಜನ್ನೂ ಸಮವೇ. ಆದರೆ ಮನುಷ್ಯರ ಜಗಳದಲ್ಲಿ ಎಣಿಸಿದವರು ಯಾರು? ನಮ್ಮಲ್ಲಿ ಇದೇ ಕೆಲಸವನ್ನು ‘ಒಂದು ಕೈಯಿಂದ ಚಪ್ಪಾಳೆಯಾಗದು’ ಎಂಬ ಗಾದೆ ಮಾಡುತ್ತದೆ. ಗಂಡನಿಂದ ಏಟು ತಿಂದು ತವರಿಗೆ ಬಂದ ಹೆಣ್ಣುಮಗಳಿಗೆ ಹಿರಿಯರು ಪಂಚಾಯಿತಿಯ ಕಟ್ಟೆಯ ಮೇಲೆ ಕುಳಿತು ಈ ಗಾದೆಯನ್ನು ಹೇಳಿ ಹಿಂದಕ್ಕೆ ಕಳಿಸುವುದನ್ನು ನಮ್ಮಲ್ಲಿ ಎಷ್ಟೋ ಮಂದಿ ಕಂಡಿದ್ದೇವೆ. ಹೊಡೆದ ಕೈ ಒಂದು, ತಡೆಯಲು ಎತ್ತಿದ ಕೈ ಒಂದು. ಎರಡು ಕೈಗಳಾದುವೆಂದು ಲೆಕ್ಕ ಸರಿಹೋಯಿತೆ? ಇಲ್ಲಿ ‘ಎರಡೂ ಕಡೆ ಸಮ’ ಎಂಬುದು ನಿಷ್ಪಕ್ಷಪಾತದ ವೇಷ ತೊಟ್ಟ ಪಕ್ಷಪಾತ. ಬಲಿಷ್ಠನಿಗೂ ದುರ್ಬಲನಿಗೂ ನಡೆಯುವ ವ್ಯಾಜ್ಯದಲ್ಲಿ ಇಬ್ಬರನ್ನೂ ಸಮವೆಂದವನು ಬಲಿಷ್ಠನ ಕಡೆಗೆ ತೀರ್ಪು ಕೊಟ್ಟಂತೆಯೇ.

ತೀರ್ಪಿನ ಮಾತುಗಳಲ್ಲೆಲ್ಲ ಸ್ವಾರಸ್ಯವಾದದ್ದು ‘ಟ್ವೀಡಲ್‌ಡಮ್ ಅಂಡ್ ಟ್ವೀಡಲ್‌ಡೀ’. ಲೂಯಿಸ್ ಕ್ಯಾರಲ್‌ನ 1871ರ ಕನ್ನಡಿಯ ಕಥೆಯಲ್ಲಿ ಈ ಹೆಸರಿನ ದಪ್ಪ ಅವಳಿಗಳು ಬರುವುದರಿಂದ ಇವರನ್ನು ಅವನೇ ಸೃಷ್ಟಿಸಿದನೆಂದು ಅನೇಕರು ತಿಳಿದಿದ್ದಾರೆ. ಆದರೆ ಹೆಸರು ಅದಕ್ಕೆ ನೂರೈವತ್ತು ವರ್ಷ ಮೊದಲಿನ ಒಂದು ಸಂಗೀತದ ಜಗಳದಿಂದ ಪ್ರಸಿದ್ಧಿಗೆ ಬಂದದ್ದು. 1720ರ ದಶಕದ ಲಂಡನ್ನಿನಲ್ಲಿ ಜರ್ಮನಿಯಿಂದ ಬಂದ ಹ್ಯಾಂಡೆಲ್, ಇಟಲಿಯಿಂದ ಬಂದ ಬೊನೊಂಚಿನಿ ಎಂಬ ಇಬ್ಬರು ಗೀತನಾಟಕಕಾರರು ಪ್ರತಿಸ್ಪರ್ಧಿಗಳಾಗಿದ್ದರು. 1721ರಲ್ಲಿ ಒಂದೇ ನಾಟಕದ ಮೂರು ಅಂಕಗಳನ್ನು ಮೂವರಿಗೆ ಹಂಚಲಾಗಿ, ಎರಡನೆಯದನ್ನು ಬೊನೊಂಚಿನಿಯೂ ಮೂರನೆಯದನ್ನು ಹ್ಯಾಂಡೆಲನೂ ರಚಿಸಿದರು. ಶ್ರೀಮಂತರು ಎರಡು ಪಂಗಡಗಳಾಗಿ ಕಾದಾಡಿದರು. ಆಗ ಜಾನ್ ಬೈರಮ್ ಎಂಬ ಮ್ಯಾಂಚೆಸ್ಟರಿನ ಕವಿ ಒಂದು ಚುಟುಕವನ್ನು ಬರೆದು, ಈ ಇಬ್ಬರ ನಡುವಣ ಭೇದ ಪಿಟೀಲಿನ ‘ಡಮ್’ ಎಂಬ ಸ್ವರಕ್ಕೂ ‘ಡೀ’ ಎಂಬ ಸ್ವರಕ್ಕೂ ಇರುವಷ್ಟೇ ಎಂದು ಹಾಸ್ಯ ಮಾಡಿದನು. ಲಂಡನ್ ನಕ್ಕಿತು. ನುಡಿಗಟ್ಟು ಉಳಿಯಿತು.

ಮುಂದೇನಾಯಿತು? ಬೊನೊಂಚಿನಿ ಬೇರೊಬ್ಬನ ಕೃತಿಯನ್ನು ತನ್ನದೆಂದು ಮುಂದಿಟ್ಟನೆಂಬ ಆಪಾದನೆಗೆ ಗುರಿಯಾಗಿ 1730ರ ದಶಕದ ಮೊದಲ ಭಾಗದಲ್ಲಿ ಲಂಡನ್ನನ್ನು ಬಿಟ್ಟನು. ಹ್ಯಾಂಡೆಲ್ ರಚಿಸಿದ ‘ಮೆಸ್ಸಾಯ’ 1742ರಲ್ಲಿ ಡಬ್ಲಿನ್ನಿನಲ್ಲಿ ಮೊದಲು ಹಾಡಲ್ಪಟ್ಟು, ಇಂದಿಗೂ ಪ್ರಪಂಚದ ನಾನಾ ದೇಶಗಳಲ್ಲಿ ಹಾಡಲ್ಪಡುತ್ತಿದೆ. ಬೊನೊಂಚಿನಿ ಕಳಪೆ ಕಲಾವಿದನೇನೂ ಅಲ್ಲ. ತನ್ನ ಕಾಲದಲ್ಲಿ ಬಹಳ ಜನಪ್ರಿಯನಾಗಿದ್ದವನೇ. ಆದರೂ ಇಂದು ಅವನ ಹೆಸರು ಹೆಚ್ಚಾಗಿ ಕೇಳಿಬರುವುದು ಈ ಚುಟುಕದ ನೆಪದಿಂದ. ಇಬ್ಬರ ನಡುವೆ ಭೇದವಿತ್ತು, ಅದು ದೊಡ್ಡದೇ ಆಗಿತ್ತು ಎಂದು ಕಾಲ ತೋರಿಸಿಕೊಟ್ಟಿತು. ಬೈರಮ್ ಹಾಸ್ಯ ಮಾಡಬೇಕಾದದ್ದು ಪಂಗಡ ಕಟ್ಟಿದ ಶ್ರೀಮಂತರನ್ನು. ಆ ಭರದಲ್ಲಿ ಸಂಗೀತವನ್ನೂ ಒಂದೇ ಮುಷ್ಟಿಯಲ್ಲಿ ತೂರಿಬಿಟ್ಟನು. ಜಗಳಗಾರರು ಒಂದೇ ಎಂದ ಮಾತ್ರಕ್ಕೆ ಜಗಳದ ವಿಷಯಗಳೂ ಒಂದೇ ಆಗುವುದಿಲ್ಲ.

ಮೂರನೆಯ ಗುಂಪಿನವು ಭೇದವನ್ನು ಎತ್ತಿ ತೋರಿಸುವವನ ಮೇಲೆ ಎಸೆಯುವ ಕಲ್ಲುಗಳು. ‘ಸ್ಪ್ಲಿಟಿಂಗ್ ಹೇರ್ಸ್’ ಎಂದರೆ ಕೂದಲನ್ನು ಸೀಳುವುದು. ‘ಎ ಡಿಸ್ಟಿಂಕ್ಷನ್ ವಿದೌಟ್ ಎ ಡಿಫರೆನ್ಸ್’ ಎಂದರೆ ವ್ಯತ್ಯಾಸವಿಲ್ಲದ ವಿಂಗಡಣೆ. ವಾದದಲ್ಲಿ ಉತ್ತರ ತೋಚದವರಿಗೆ ಇವು ಆಪದ್ಬಾಂಧವರು. ಆದರೆ ಕೂದಲೆಳೆಯ ಅಂತರದ ಮೇಲೆ ಮನುಷ್ಯನ ಸ್ವಾತಂತ್ರ್ಯವೇ ನಿಲ್ಲಬಹುದೆಂಬುದಕ್ಕೆ ನಮ್ಮ ದೇಶದ ಸಂವಿಧಾನವೇ ಸಾಕ್ಷಿ. ಅದನ್ನು ರಚಿಸಿದ ಭಾಷೆ ಇಂಗ್ಲಿಷೇ ಆದ್ದರಿಂದ ಈ ಉದಾಹರಣೆ ಇಲ್ಲಿ ಅಪ್ರಕೃತವಲ್ಲ.

ಯಾರ ಪ್ರಾಣವನ್ನಾಗಲಿ ದೈಹಿಕ ಸ್ವಾತಂತ್ರ್ಯವನ್ನಾಗಲಿ ಯಾವ ಕ್ರಮದಿಂದ ಮಾತ್ರ ಕಿತ್ತುಕೊಳ್ಳಬಹುದು ಎಂಬುದನ್ನು 21ನೆಯ ಅನುಚ್ಛೇದ ಹೇಳುತ್ತದೆ. ಇಲ್ಲಿ ಎರಡು ಪದಪುಂಜಗಳ ಆಯ್ಕೆ ಎದುರಿಗಿತ್ತು. ಒಂದು, ಅಮೆರಿಕದ ಸಂವಿಧಾನದಲ್ಲಿರುವ ‘ಡ್ಯೂ ಪ್ರೋಸೆಸ್ ಆಫ್ ಲಾ’. ಇನ್ನೊಂದು, ‘ಪ್ರೊಸೀಜರ್ ಎಸ್ಟಾಬ್ಲಿಷ್ಡ್ ಬೈ ಲಾ’. ಮೊದಲನೆಯದು ಕಾನೂನಿನ ನ್ಯಾಯೋಚಿತವಾದ ಕ್ರಮ, ಎರಡನೆಯದು ಕಾನೂನು ಗೊತ್ತುಪಡಿಸಿದ ಕ್ರಮ. ಸಾಮಾನ್ಯ ಓದುಗನ ಕಣ್ಣಿಗೆ ಆರು ಮತ್ತು ಅರ್ಧ ಡಜನ್ ಅಲ್ಲವೆ? ದಕ್ಷಿಣ ಕನ್ನಡದ ಬೆನಗಲ್ ಮನೆತನದವರೂ ಸಂವಿಧಾನ ಸಭೆಯ ಸಲಹೆಗಾರರೂ ಆಗಿದ್ದ ಬಿ. ಎನ್. ರಾಯರು 1947ರಲ್ಲಿ ಅಮೆರಿಕಕ್ಕೆ ಹೋದಾಗ ಅಲ್ಲಿನ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಮೊದಲನೆಯ ಪದಪುಂಜ ಬೇಡವೆಂದು ಸಲಹೆ ಕೊಟ್ಟರು. ಅದು ಶಾಸನಸಭೆಯ ಮೇಲೆ ನ್ಯಾಯಾಧೀಶರಿಗೆ ಮಿತಿಮೀರಿದ ಅಧಿಕಾರವನ್ನು ಕೊಡುತ್ತದೆಂಬುದು ಅವರ ವಾದ. ಕೊನೆಗೆ ಎರಡನೆಯದೇ ಸಂವಿಧಾನದಲ್ಲಿ ನಿಂತಿತು. 1950ರಲ್ಲಿ ವಿಚಾರಣೆಯಿಲ್ಲದೆ ಬಂಧನದಲ್ಲಿದ್ದ ಎ. ಕೆ. ಗೋಪಾಲನ್ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದಾಗ, ಶಾಸನಸಭೆ ಗೊತ್ತುಪಡಿಸಿದ ಕ್ರಮವಿದ್ದರೆ ಸಾಕು, ಅದು ನ್ಯಾಯವೇ ಎಂದು ಕೇಳುವಂತಿಲ್ಲ ಎಂಬ ತೀರ್ಪು ಬಹುಮತದಿಂದ ಬಂದಿತು. ಆ ಕ್ರಮ ನ್ಯಾಯವೂ ಸಮಂಜಸವೂ ಆಗಿರಲೇಬೇಕೆಂದು ಅದೇ ನ್ಯಾಯಾಲಯ ಸ್ಪಷ್ಟವಾಗಿ ಹೇಳಿದ್ದು 1978ರಲ್ಲಿ, ಮೇನಕಾ ಗಾಂಧಿಯವರ ಮೊಕದ್ದಮೆಯಲ್ಲಿ. ನಡುವೆ ಇಪ್ಪತ್ತೆಂಟು ವರ್ಷ! ಸಂವಿಧಾನ ಸಭೆಯಲ್ಲಿ ಈ ಪದಗಳ ಬಗ್ಗೆ ವಾದಿಸಿದವರನ್ನು ಕೂದಲು ಸೀಳುವವರೆಂದು ಯಾರಾದರೂ ಜರಿಯಬಹುದೆ? ಅವರು ಸೀಳುತ್ತಿದ್ದುದು ಕೂದಲನ್ನಲ್ಲ, ಸೆರೆಮನೆಯ ಬೀಗವನ್ನು.

ಹೀಗೆಂದ ಮಾತ್ರಕ್ಕೆ ಎಲ್ಲ ಭೇದಗಳೂ ಪೂಜ್ಯವೆಂದು ನಾನು ಹೇಳುತ್ತಿಲ್ಲ. ಭೇದವಿಲ್ಲದೆಡೆ ಭೇದವನ್ನು ಕಲ್ಪಿಸಿ ಹೊಡೆದಾಡುವುದರಲ್ಲಿಯೂ ಮನುಷ್ಯ ಚತುರ. ಬೈರಮನ ಕಾಲದವನೇ ಆದ ಸ್ವಿಫ್ಟ್ 1726ರ ಗಲಿವರನ ಕಥೆಯಲ್ಲಿ, ಮೊಟ್ಟೆಯನ್ನು ಯಾವ ತುದಿಯಿಂದ ಒಡೆಯಬೇಕೆಂಬ ಪ್ರಶ್ನೆಗಾಗಿ ಯುದ್ಧ ಹೂಡುವ ಗೇಣುದ್ದದ ಜನರನ್ನು ಚಿತ್ರಿಸಿದ್ದಾನೆ. ನಮ್ಮಲ್ಲಿಯೂ ಹಣೆಯ ನಾಮದ ಆಕಾರಕ್ಕಾಗಿ, ಒಂದೇ ಕೇರಿಯ ಒಳಪಂಗಡಗಳ ಹೆಸರಿಗಾಗಿ ಮಾತು ಬಿಟ್ಟ ಮನೆಗಳಿಗೆ ಕೊರತೆಯಿಲ್ಲ. ಅಂಥವರ ಎದುರಿಗೆ ‘ಆರೂ ಅಷ್ಟೆ, ಅರ್ಧ ಡಜನ್ನೂ ಅಷ್ಟೆ’ ಎಂದು ನಗುವುದು ಪುಣ್ಯದ ಕೆಲಸ. ಅಲ್ಲಿ ಈ ನುಡಿಗಟ್ಟು ಅಹಂಕಾರದ ಗಾಳಿಯನ್ನು ತೆಗೆಯುವ ಸೂಜಿ. ಅದೇ ಸೂಜಿ ಮತ್ತೊಂದೆಡೆ ಕಣ್ಣನ್ನು ಚುಚ್ಚುವ ಮುಳ್ಳಾಗುತ್ತದೆ ಎಂಬುದಷ್ಟೇ ನನ್ನ ಮಾತು.

ಹಾಗಾದರೆ ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು? ನನಗೆ ತೋರುವ ಪರೀಕ್ಷೆ ಸುಲಭವಾದದ್ದು: ಹೇಳುವವನು ಎರಡನ್ನೂ ನೋಡಿದ್ದಾನೆಯೆ ಎಂದು ಕೇಳಬೇಕು. ಎರಡು ಪುಸ್ತಕಗಳನ್ನೂ ಓದಿ ‘ಎರಡೂ ಒಂದೇ’ ಎಂದವನದು ವಿಮರ್ಶೆ. ಒಂದನ್ನೂ ಓದದೆ ಹಾಗೆಂದವನದು ಸೋಮಾರಿತನ. ಚುನಾವಣೆ ಬಂದಾಗ ನಮ್ಮ ಹಾಸ್ಟೆಲಿನ ಗೆಳೆಯರು ಆಡುವ ಮಾತನ್ನು ಕೇಳಿ. ‘ಎಲ್ಲರ ಮನೆಯ ದೋಸೆಯೂ ತೂತೇ’ ಎಂದು ಹೇಳಿ, ಮತದಾನದ ದಿನ ಊರಿಗೂ ಹೋಗದೆ ಮಲಗುತ್ತಾರೆ. ಗಾದೆ ಸುಳ್ಳಲ್ಲ, ದೋಸೆಯೆಂದರೆ ತೂತಿರಬೇಕಾದದ್ದೇ. ಆದರೆ ಒಂದು ಬೆಂದಿದೆ, ಒಂದು ಸೀದಿದೆ, ಒಂದರ ಹಿಟ್ಟೇ ಹಳಸಿದೆ. ತೂತನ್ನು ಮಾತ್ರ ಎಣಿಸಿದವನಿಗೆ ಇದು ತಿಳಿಯುವುದು ಹೇಗೆ? ಹದಿನೆಂಟು ವರ್ಷದವರಿಗೆ ಮತದ ಹಕ್ಕು ಬಂದದ್ದು 1989ರಲ್ಲಿ. ಅದಕ್ಕೆ ಮೊದಲು ಇಪ್ಪತ್ತೊಂದು ತುಂಬಬೇಕಾಗಿತ್ತು. ಇಂದು ಅಭ್ಯರ್ಥಿಯ ಆಸ್ತಿ, ವಿದ್ಯೆ, ಮೊಕದ್ದಮೆಗಳ ಪ್ರಮಾಣಪತ್ರವನ್ನು ಯಾರು ಬೇಕಾದರೂ ಓದಬಹುದು. ಅದನ್ನೆಲ್ಲ ಓದಿಯೂ ಒಬ್ಬರೂ ಬೇಡವೆನಿಸಿದರೆ ಹಾಗೆಂದು ಒತ್ತುವ ಗುಂಡಿಯೊಂದು 2013ರಿಂದ ಮತಯಂತ್ರದಲ್ಲಿಯೇ ಇದೆ. ಓದಿ ಆ ಗುಂಡಿಯನ್ನು ಒತ್ತಿದವನನ್ನು ನಾನು ಗೌರವಿಸುತ್ತೇನೆ. ಓದದೆ ‘ಟ್ವೀಡಲ್‌ಡಮ್, ಟ್ವೀಡಲ್‌ಡೀ’ ಎಂದವನು ಬುದ್ಧಿವಂತನಂತೆ ಕಾಣುತ್ತಾನೆ, ಅಷ್ಟೆ.

ನಮ್ಮ ಹಿರಿಯರು ಈ ಎಚ್ಚರವನ್ನು ಚೆನ್ನಾಗಿ ಬಲ್ಲವರಾಗಿದ್ದರು. ‘ಬೆಳ್ಳಗಿರುವುದೆಲ್ಲ ಹಾಲಲ್ಲ’ ಎಂಬ ಗಾದೆ ಹಾಲನ್ನೂ ಸುಣ್ಣದ ತಿಳಿಯನ್ನೂ ಒಂದೇ ಎಂದುಕೊಳ್ಳುವ ಅಪಾಯವನ್ನು ನಾಲ್ಕು ಮಾತಿನೊಳಗೆ ಹೇಳುತ್ತದೆ. ಕಾಗೆಯೂ ಕಪ್ಪು, ಕೋಗಿಲೆಯೂ ಕಪ್ಪು, ವಸಂತ ಬಂದಾಗ ಯಾವುದು ಯಾವುದೆಂದು ತಿಳಿಯುತ್ತದೆ ಎಂಬ ಅರ್ಥದ ಸಂಸ್ಕೃತ ಸುಭಾಷಿತವನ್ನು ಹೈಸ್ಕೂಲಿನಲ್ಲಿ ಯಾರು ಕಲಿತಿಲ್ಲ? ಇಂಗ್ಲಿಷಿನ ಬಟಾಣಿ ಸಾಮ್ಯವನ್ನು ಕಂಡು ನಿಲ್ಲುತ್ತದೆ. ನಮ್ಮ ಹಾಲು, ಕೋಗಿಲೆಗಳು ಸಾಮ್ಯವನ್ನು ಕಂಡೊಡನೆ ‘ತಡೆ, ಇನ್ನೊಮ್ಮೆ ನೋಡು’ ಎನ್ನುತ್ತವೆ. ಆ ಭಾಷೆಯ ನುಡಿಗಟ್ಟುಗಳನ್ನು ಕಲಿಯುವಾಗ ನಮ್ಮ ಭಾಷೆಯ ಈ ಎಚ್ಚರವನ್ನು ಜೊತೆಗೆ ಒಯ್ದರೆ ಎರಡರಿಂದಲೂ ಲಾಭವುಂಟು. ಇಂಗ್ಲಿಷು ದೊಡ್ಡದೋ ಕನ್ನಡ ದೊಡ್ಡದೋ ಎಂಬ ಚರ್ಚೆ ಇಲ್ಲಿ ಅನಗತ್ಯ.

ಆದುದರಿಂದ ನನ್ನ ಸಹಪಾಠಿಗಳಲ್ಲಿ ಒಂದು ಸಣ್ಣ ಬಿನ್ನಹ. ಈ ನುಡಿಗಟ್ಟುಗಳನ್ನು ಬರಿಯ ಅರ್ಥದಿಂದ ಬಾಯಿಪಾಠ ಮಾಡಬೇಡಿ. ಯಾರು, ಯಾರನ್ನು ಕುರಿತು, ಯಾವ ದನಿಯಲ್ಲಿ ಆಡುವ ಮಾತು ಇದು ಎಂದು ಕೇಳಿ ಕಲಿಯಿರಿ. ಬೆರಗಿಗೆ ಬಟಾಣಿ, ಮೆಚ್ಚುಗೆಗೆ ದಿಮ್ಮಿಯ ಚಕ್ಕೆ, ಮೋಸಕ್ಕೆ ಬದಲಿ ಕುದುರೆ, ದೋಷಕ್ಕೆ ಡಾಂಬರಿನ ಕುಂಚ, ಪೊಳ್ಳು ಜಗಳಕ್ಕೆ ಪಿಟೀಲಿನ ಅವಳಿಗಳು — ಹೀಗೆ ಒಂದೊಂದಕ್ಕೂ ಅದರದರ ಸ್ಥಾನವಿದೆ. ಮತ್ತೆ ಯಾರಾದರೂ ನಿಮ್ಮ ಮುಂದೆ ‘ಎರಡೂ ಒಂದೇ ಬಿಡಿ’ ಎಂದರೆ ಅವರ ಮಾತನ್ನು ಒಪ್ಪುವ ಮೊದಲು ಎರಡನ್ನೂ ಒಮ್ಮೆ ಕೈಗೆತ್ತಿಕೊಂಡು ನೋಡಿ. ಒಂದೇ ಆಗಿದ್ದರೆ ನಷ್ಟವೇನೂ ಇಲ್ಲ. ಬೇರೆಯಾಗಿದ್ದರೆ, ಹಾಗೆ ನೋಡಿದವರು ನೀವೊಬ್ಬರೇ ಆಗಿರಬಹುದು.